ಒಂದೇ ಪ್ಯಾಕೆಟ್ಟಿನ ಟೊಮೆಟೊ, ಮೂರು ಬಗೆಯ ಕುಂಡ

ಕಳೆದ ವಸಂತದಲ್ಲಿ ಒಂದೇ ಪ್ಯಾಕೆಟ್ಟಿನ ಬೀಜದಿಂದ ಎಬ್ಬಿಸಿದ ಮೂರು ಟೊಮೆಟೊ ಸಸಿಗಳನ್ನು ಒಂದೇ ದಿನ ನೆಟ್ಟೆ. ಒಂದು ಮಣ್ಣಿನ ಕುಂಡಕ್ಕೆ, ಒಂದು ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ, ಇನ್ನೊಂದು ಬಟ್ಟೆಯ ಗ್ರೋ ಬ್ಯಾಗಿಗೆ. ಮೂರೂ ಹೆಚ್ಚುಕಡಿಮೆ 20 ಲೀಟರಿನವು. ಮಿಶ್ರಣವೂ ಒಂದೇ: ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಲು ಭಾಗ ಎರೆಗೊಬ್ಬರ, ಕಾಲು ಭಾಗ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು). ತೋಟದ ಮಣ್ಣನ್ನು ಬೇಕೆಂದೇ ಬಿಟ್ಟೆ. ಕುಂಡದೊಳಗೆ ಅದು ನಾಲ್ಕು ನೀರು ಕುಡಿಯುವಷ್ಟರಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಪಕ್ಕದಲ್ಲೇ ಮೆಣಸಿನಕಾಯಿ, ಸ್ಟ್ರಾಬೆರಿ, ಚೆಂಡುಹೂವಿಗೂ ಇದೇ ಮೂರು ಬಗೆಯ ಚಿಕ್ಕ ಕುಂಡಗಳು.

ಯಾವುದರಲ್ಲಿ ಹೆಚ್ಚು ಕಾಯಿ ಬಿಡುತ್ತದೋ ನೋಡೋಣ ಅಂತ ಶುರುಮಾಡಿದ್ದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು: ನಾನು ದಿನಕ್ಕೆ ಎಷ್ಟು ಸಲ ನೀರು ಹೊರಬಲ್ಲೆ?

ಮೊದಲ ಮೂರು ವಾರ ಪ್ಲಾಸ್ಟಿಕ್ಕಿನದೇ ಮುನ್ನಡೆ. ರಾತ್ರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಪ್ಪು ಗೋಡೆ ಹಗಲೆಲ್ಲ ಬಿಸಿಲು ಹೀರಿ ಬೇರನ್ನು ಬೆಚ್ಚಗಿಟ್ಟಿತು. ಮೆಣಸಿನ ಗಿಡಕ್ಕಂತೂ ಬುಡ ಬೆಚ್ಚಗಿದ್ದರೇ ಜೀವ. ಅಲ್ಲಿ ಎರಡು ಜೊತೆ ಎಲೆ ಹೆಚ್ಚಿಗೆ ಬಂದಿದ್ದವು. ಮಣ್ಣಿನ ಕುಂಡದ ಗೋಡೆಯಿಂದ ನೀರು ಸದಾ ಆವಿಯಾಗುತ್ತಿರುತ್ತದೆ, ಆದ್ದರಿಂದ ಒಳಗೆ ತಂಪು. ಬೇಸಿಗೆಯಲ್ಲಿ ಒಳ್ಳೆಯದೇ, ವಸಂತದ ಆರಂಭದಲ್ಲಿ ಮಾತ್ರ ಗಿಡ ಮುದುಡಿಕೊಂಡು ಕೂತಿತ್ತು. ಜೊತೆಗೆ ನನ್ನದೊಂದು ತಪ್ಪು: ಹೊಸ ಕುಂಡವನ್ನು ಒಂದು ರಾತ್ರಿ ನೀರಲ್ಲಿ ನೆನೆಸದೆ ಹಾಗೇ ಬಳಸಿದೆ. ಮೊದಲ ವಾರ ನಾನು ಹಾಕಿದ ನೀರನ್ನು ಗಿಡಕ್ಕಿಂತ ಮೊದಲು ಕುಂಡವೇ ಕುಡಿಯಿತು.

ಪ್ಲಾಸ್ಟಿಕ್ಕಿನ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಮೇಲ್ಪದರ ಒಣಗಿದಂತಿರುತ್ತದೆ, ತಳದಲ್ಲಿ ಇನ್ನೂ ಕೆಸರು. ನಾನು ಮೇಲೆ ನೋಡಿ ನೋಡಿ ನೀರು ಸುರಿದೆ. ಕೆಳಗಿನ ಎಲೆ ಹಳದಿಯಾದವು, ಮಿಶ್ರಣದ ಮೇಲೆ ಸಣ್ಣ ಕಪ್ಪು ನೊಣಗಳು ಹಾರತೊಡಗಿದವು. ಆಮೇಲೆ ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಚುಚ್ಚಿ ನೋಡದೆ ನೀರು ಹಾಕಿದ್ದಿಲ್ಲ. (ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ಸಲಹೆ ಕೇಳಿರುತ್ತೀರಿ. ನೀರು ಜಲ್ಲಿಗೆ ಇಳಿಯದೆ ಅದರ ಮೇಲಿನ ಮಿಶ್ರಣದಲ್ಲೇ ನಿಲ್ಲುತ್ತದೆ. ಬೇರಿಗೆ ಇರುವ ಜಾಗವೂ ಕಡಿಮೆ. ತೂತು ಸರಿಯಿದ್ದರೆ ಸಾಕು.)

ಹೂ ಬಿಡುವ ಹೊತ್ತಿಗೆ ಗ್ರೋ ಬ್ಯಾಗಿನ ಗಿಡ ಎರಡನ್ನೂ ಹಿಂದೆ ಹಾಕಿತ್ತು. ಕಾಂಡ ದಪ್ಪ, ಗೆಣ್ಣುಗಳು ಹತ್ತಿರ ಹತ್ತಿರ. ಬಟ್ಟೆಯ ಅಂಚಿಗೆ ಬಂದ ಬೇರಿನ ತುದಿ ಗಾಳಿ ತಾಗಿ ಅಲ್ಲೇ ಒಣಗುತ್ತದೆ, ಹಿಂದಿನಿಂದ ಹೊಸ ಕವಲು ಒಡೆಯುತ್ತದೆ. ಅದೇ ಬಟ್ಟೆ ನೀರನ್ನೂ ಸುತ್ತಲಿಂದ ಬಿಟ್ಟುಕೊಡುತ್ತದೆ. ಬಿಸಿಲೇರಿದ ಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬೇಕಾಯಿತು.

ಎರಡು ದಿನ ನಾನಿರಲಿಲ್ಲ. ಬಂದು ನೋಡಿದರೆ ಗಿಡ ಜೋತುಬಿದ್ದಿತ್ತು. ನೀರು ಹಾಕಿದೆ, ಸಂಜೆಗೆ ಎದ್ದು ನಿಂತಿತು. ಬಚಾವಾದೆ ಅಂದುಕೊಂಡೆ. ಮುಂದಿನ ವಾರ ಹಸಿರು ಕಾಯಿಗಳ ತಳದಲ್ಲಿ, ಹೂ ಉದುರಿದ ಜಾಗದಲ್ಲೇ, ನೀರು ಇಂಗಿದಂಥ ಒಂದು ಕಲೆ. ನಾಲ್ಕೈದು ದಿನಕ್ಕೆ ಅದು ಕಪ್ಪಗೆ, ಚಪ್ಪಟೆಯಾಗಿ, ಹಳೇ ಚರ್ಮದಂತಾಯಿತು. ಹುಳವೆಂದು ಎಲೆಗಳ ಅಡಿಯೆಲ್ಲ ಹುಡುಕಿದೆ. ಹುಳ ಇರಲಿಲ್ಲ, ಅದು ತುದಿ ಕೊಳೆ. ಕಾಯಿಗೆ ಕ್ಯಾಲ್ಸಿಯಂ ತಲುಪುವುದು ನೀರಿನ ಜೊತೆಗೇ, ನೀರಿನ ಓಟ ಕಡಿದರೆ ಬೆಳೆಯುತ್ತಿರುವ ಕಾಯಿಯ ತುದಿಗೆ ಅದು ಸಾಲುವುದಿಲ್ಲ. ಮೊಟ್ಟೆಚಿಪ್ಪು ಪುಡಿಮಾಡಿ ಹಾಕಿದೆ, ಸಮಾಧಾನಕ್ಕೆ. ಅದು ಕರಗಿ ಬೇರಿಗೆ ಸಿಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಕೆಲಸಕ್ಕೆ ಬಂದದ್ದು ಮೇಲೆ ಹೊದಿಸಿದ ಮೂರು ಬೆರಳು ದಪ್ಪದ ತರಗೆಲೆ ಮತ್ತು ತಪ್ಪಿಸದೆ ಹಾಕಿದ ನೀರು.

ಇನ್ನೊಂದು ಪಾಠ ನಾನು ಮರಳಿ ಬಂದ ದಿನದ್ದೇ. ಪೂರ್ತಿ ಒಣಗಿದ ಕೋಕೋಪೀಟ್ ಮೇಲಿಂದ ಸುರಿದ ನೀರನ್ನು ಬೇಗ ಹೀರುವುದಿಲ್ಲ. ನೀರು ಬದಿಯಿಂದ ಜಾರಿ ಕೆಳಗೆ ಹೋಗುತ್ತದೆ, ನಡುವಿನ ಉಂಡೆ ಒಣಗಿಯೇ ಇರುತ್ತದೆ. ಬ್ಯಾಗನ್ನೇ ನೀರು ತುಂಬಿದ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಬೇಕಾಯಿತು.

ಟೊಮೆಟೊ ಲೆಕ್ಕ ಹೀಗೆ: ಪ್ಲಾಸ್ಟಿಕ್ಕಿನಲ್ಲಿ 41 ಕಾಯಿ, ಬ್ಯಾಗಿನಲ್ಲಿ 46, ಅದರಲ್ಲಿ 9 ತುದಿ ಕೊಳೆತು ಎಸೆದವು. ಮಣ್ಣಿನ ಕುಂಡದಲ್ಲಿ 27. ಒಂದೊಂದೇ ಗಿಡದ ಲೆಕ್ಕ, ಇದನ್ನೇ ಕಲ್ಲಿನ ಮೇಲೆ ಬರೆಯಬೇಡಿ. ಕೊನೆಗೆ ಗಿಡ ಕಿತ್ತಾಗ ಪ್ಲಾಸ್ಟಿಕ್ಕಿನ ಬೇರು ಒಳಗೋಡೆಗುಂಟ ಹುರಿಯಂತೆ ಸುತ್ತಿಕೊಂಡಿತ್ತು, ಬ್ಯಾಗಿನಲ್ಲಿ ಉಂಡೆಯ ತುಂಬ ಕೂದಲಿನಂಥ ಸಣ್ಣ ಬೇರು.

ಸ್ಟ್ರಾಬೆರಿಯಲ್ಲಿ ಮಾತ್ರ ಮಣ್ಣಿನ ಕುಂಡವೇ ಗೆದ್ದಿತು, ಅದೂ ನಿರಾಯಾಸವಾಗಿ. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ, ಎಲೆ ಚಿಗುರುವ ಬುಡದ ಗಡ್ಡೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಪ್ಲಾಸ್ಟಿಕ್ಕಿನಲ್ಲಿದ್ದದ್ದು ಹಾಗೇ ಹೋಯಿತು. ನೆಡುವಾಗ ಗಡ್ಡೆಯನ್ನು ಸ್ವಲ್ಪ ಹೂತುಬಿಟ್ಟಿದ್ದೆನೋ ಏನೋ. ಚೆಂಡುಹೂವಿಗೆ ಯಾವುದೂ ಲೆಕ್ಕವಿಲ್ಲ, ಮೂರರಲ್ಲೂ ಸಮನಾಗಿ ಹೂಬಿಟ್ಟಿತು. ಅದಕ್ಕೆ ಒಡೆದ ಬಕೆಟ್ಟೂ ನಡೆಯುತ್ತದೆ.

ಈ ವಸಂತಕ್ಕೆ ಮೆಣಸಿನಕಾಯಿ ಪ್ಲಾಸ್ಟಿಕ್ಕಿಗೆ. ಬಿಸಿಲು ಜೋರಾದರೆ ಸುತ್ತ ಬಿಳಿ ಬಟ್ಟೆ ಕಟ್ಟುತ್ತೇನೆ. ಟೊಮೆಟೊ ಮತ್ತೆ ಬ್ಯಾಗಿಗೇ, ಆದರೆ ಕೆಳಗೆ ಅಗಲವಾದ ತಟ್ಟೆ ಇಟ್ಟು. ನೀವು ಹಗಲೆಲ್ಲ ಹೊರಗಿರುವವರಾದರೆ ಬ್ಯಾಗಿನ ಆಸೆ ಬಿಡಿ, ಪ್ಲಾಸ್ಟಿಕ್ಕೇ ಸರಿ. ದೊಡ್ಡ ಮಣ್ಣಿನ ಕುಂಡವನ್ನು ಒಬ್ಬಳೇ ಎತ್ತಲಾರೆ. ಅದು ಇದ್ದಲ್ಲೇ ಇದೆ, ಹೊರಗೋಡೆಯ ಮೇಲೆ ಉಪ್ಪಿನ ಬಿಳಿ ಗೆರೆಗಳು. ಮೊನ್ನೆ ಅದರಲ್ಲಿ ಸ್ಟ್ರಾಬೆರಿ ನೆಟ್ಟೆ, ಗಡ್ಡೆ ಮೇಲೆ ಕಾಣುವಂತೆ.