ಎಲ್ಡನ್ ರಿಂಗಾ, ಡಾರ್ಕ್ ಸೋಲ್ಸಾ? ಮೊದ್ಲು ಯಾವ್ದು ತಗೋಬೇಕು

ಮೊನ್ನೆ ದಾವಣಗೆರೆಲಿ ಬೆಣ್ಣೆದೋಸೆ ತಿನ್ಕೋತ ಕೂತಾಗ ಚಿಕ್ಕಪ್ಪನ ಮಗ ಕೇಳ್ದ, "ಅಣ್ಣಾ, ಒಂದೇ ವಿಡಿಯೋ ಗೇಮಿಗೆ ದುಡ್ಡೈತಿ, ಯಾವ್ದು ತಗೊಳ್ಲಿ?"

ನೋಡಪಾ, ಎರಡೂ ಫ್ರಮ್‌ಸಾಫ್ಟ್‌ವೇರ್ ಕಂಪನಿವೇ, ಎರಡ್ರಲ್ಲೂ ಸಾಯೋದು ಗ್ಯಾರಂಟಿ, ಲೆವೆಲ್ ಏರಿಸೋಕೆ ಕೂಡಿಟ್ಟಿದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರ್ತತಿ, ಎತ್ಕೊಳ್ಳೋಕೆ ಹೋಗೋ ದಾರೀಲಿ ಮತ್ತೆ ಸತ್ರೆ ಅದೂ ಹೋತು.

ಆದ್ರೆ 2022ರ ಎಲ್ಡನ್ ರಿಂಗ್ ಬಯಲು ಇದ್ದಂಗೆ. ಮಾರ್ಗಿಟ್ ಅನ್ನೋ ಬಾಸ್ (ದೊಡ್ಡ ಶತ್ರು) ಕೈಲಿ ಇಪ್ಪತ್ತು ಸಲ ಒದೆ ತಿಂದ್ರೂ ಕುದುರೆ ಹತ್ತಿ ಬೇರೆ ಕಡೆ ಸುತ್ತಾಡಿ ಲೆವೆಲ್ ಏರಿಸ್ಕೊಂಡು ಬರಬಹುದು, ಜೊತೆಗೆ ಹೊಡೆದಾಡೋಕೆ ಆತ್ಮಗಳ್ನ ಕರಿಬಹುದು. ಬಾಸ್ ಹತ್ರ ಸತ್ರೂ ಸುಮಾರು ಕಡೆ ಅಲ್ಲೇ ಪಕ್ಕದಲ್ಲೇ ಎದ್ದೇಳ್ತೀಯ.

ಡಾರ್ಕ್ ಸೋಲ್ಸ್ 2011ರದ್ದು, ನಾ ಹೇಳೋದು 2018ರ ರಿಮಾಸ್ಟರ್ಡ್, ಅಂದ್ರೆ ಅದನ್ನೇ ತಿದ್ದಿ ಮತ್ತೆ ಬಿಟ್ಟಿದ್ದು. ಇದು ನಮ್ಮ ದುರ್ಗದ ಏಳು ಸುತ್ತಿನ ಕೋಟೆ, ಮ್ಯಾಪೇ ಇಲ್ಲ, ಹೆಚ್ಚುಕಮ್ಮಿ ಅರ್ಧ ಆಟದವರೆಗೂ ಕಾಲ್ನಡಿಗೆನೇ, ಬಾಸ್ ಹತ್ರ ಸತ್ರೆ ಮತ್ತೆ ಅಷ್ಟುದ್ದ ಓಡು, ತಲೆ ಕೆಡ್ತತಿ, ಆದ್ರೆ ಎಲ್ಲೋ ದೂರ ಬಂದೆ ಅನ್ಕೊಂಡು ಅಲ್ಲಿನ ಒಂದು ಚರ್ಚಿನ ಲಿಫ್ಟ್ ಇಳಿದ್ರೆ ಶುರುವಿನ ಫೈರ್‌ಲಿಂಕ್ ಅನ್ನೋ ಜಾಗದ ಬೆಂಕಿ ಹತ್ರಾನೇ ಬಂದು ನಿಂತಿರ್ತೀಯ, ಆ ಖುಷಿ ನಂಗೆ ಎಲ್ಡನ್ ರಿಂಗಲ್ಲಿ ಸಿಕ್ಕಿಲ್ಲ ಬಿಡು.

ಲ್ಯಾಪ್‌ಟಾಪ್ ಹಳೇದಾದ್ರೆ ಮಾತೇ ಇಲ್ಲ, ಡಾರ್ಕ್ ಸೋಲ್ಸೇ. ಎಲ್ಡನ್ ರಿಂಗಿಗೆ ಕಮ್ಮಿ ಅಂದ್ರೂ 12 ಜಿಬಿ ರ‍್ಯಾಮ್, 60 ಜಿಬಿ ಜಾಗ ಬೇಕು. ಮಷಿನ್ ಗಟ್ಟಿ ಐತಿ, ತಾಳ್ಮೆ ಕಮ್ಮಿ ಅಂದ್ರೆ ಎಲ್ಡನ್ ರಿಂಗ್ ತಗೋ.

ಇದೇ ಕಂಪನಿಯ ಇನ್ನೊಂದು ಗೇಮ್ ಸೆಕಿರೊ ಹೆಸ್ರು ಈಗ್ಲೇ ಎತ್ಬೇಡ, ಅದ್ರಲ್ಲಿ ಸಹಾಯಕ್ಕೆ ಯಾರ್ನೂ ಕರಿಯಂಗಿಲ್ಲ.