ಬ್ಯುಪಿವಕೇನ್ ಅಥವಾ ರೋಪಿವಕೇನ್: ನೋವಿನ ಬ್ಲಾಕ್‌ಗೆ ಯಾವುದು?

ಎರಡೂ ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಸ್ಥಳೀಯ ಅರಿವಳಿಕೆ ಔಷಧಗಳು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಒಂದೇ ಬಾರಿ ಕೊಡುವ ಸ್ಪೈನಲ್‌ಗಾದರೆ ಹೆಚ್ಚು ಯೋಚಿಸಬೇಕಿಲ್ಲ. 0.5% ಹೆವಿ (ಆ ದ್ರವಕ್ಕಿಂತ ಭಾರವಾದ) ಬ್ಯುಪಿವಕೇನ್ 2ರಿಂದ 3 ಮಿ.ಲೀ. ಸಾಕು. ಒಟ್ಟು ಡೋಸ್ ಸಣ್ಣದು, ಪರಿಣಾಮ ಗಟ್ಟಿ.

ಲೆಕ್ಕಾಚಾರ ಬದಲಾಗುವುದು ನರದ ಬ್ಲಾಕ್ (ನರದ ಸುತ್ತ ಔಷಧ ಚುಚ್ಚುವುದು) ಮತ್ತು ಬೆನ್ನುಹುರಿಯ ಹೊದಿಕೆಯ ಹೊರಗೆ ಕೊಡುವ ಎಪಿಡ್ಯೂರಲ್‌ಗಳಲ್ಲಿ, ಅಂದರೆ ಔಷಧ ಹೆಚ್ಚು ಬೇಕಾದಲ್ಲಿ. ಬ್ಯುಪಿವಕೇನ್ ಹೃದಯದ ವಿದ್ಯುತ್ ಸಂಕೇತ ಸಾಗಿಸುವ ಸೋಡಿಯಂ ಚಾನೆಲ್‌ಗೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯವನ್ನು ಮತ್ತೆ ಹಳಿಗೆ ತರುವುದು ಕಷ್ಟ. ರೋಪಿವಕೇನ್ ಶುದ್ಧ ಎಸ್-ಐಸೋಮರ್ (ಕನ್ನಡಿ ಬಿಂಬದಂಥ ಎರಡು ಅಣುರೂಪಗಳಲ್ಲಿ ಒಂದು ಮಾತ್ರ), ಆ ಅಪಾಯ ಕಡಿಮೆ. ಕಡಿಮೆ, ಶೂನ್ಯವಲ್ಲ.

60 ಕೆ.ಜಿ. ರೋಗಿಯನ್ನೇ ತೆಗೆದುಕೊಳ್ಳಿ. ಬ್ಯುಪಿವಕೇನ್ ಕೆ.ಜಿ.ಗೆ 2 ಮಿ.ಗ್ರಾಂ ಮಿತಿಯಲ್ಲಿ 120 ಮಿ.ಗ್ರಾಂ, ಅಂದರೆ 0.25% ದ್ರಾವಣ 48 ಮಿ.ಲೀ. ರೋಪಿವಕೇನ್ ಕೆ.ಜಿ.ಗೆ 3 ಮಿ.ಗ್ರಾಂ ಮಿತಿಯಲ್ಲಿ 180 ಮಿ.ಗ್ರಾಂ, ಅಂದರೆ 0.2% ದ್ರಾವಣ 90 ಮಿ.ಲೀ. ಎಡವಟ್ಟಾಗುವುದು ಶೇಕಡಾವಾರಿನಲ್ಲೇ: 0.25% ಎಂದರೆ ಮಿ.ಲೀ.ಗೆ 2.5 ಮಿ.ಗ್ರಾಂ. ಸರ್ಜನ್ ಗಾಯದ ಸುತ್ತ ಚುಚ್ಚಿದ ಔಷಧವೂ ಇದೇ ಲೆಕ್ಕಕ್ಕೆ ಸೇರಬೇಕು. ಅದನ್ನೇ ಮರೆಯುವುದು ಹೆಚ್ಚು.

ಮೊಣಕಾಲು ಬದಲಿಸಿದ ರೋಗಿ ಮರುದಿನ ನಡೆಯಬೇಕಿದ್ದರೆ ನನ್ನ ಆಯ್ಕೆ ರೋಪಿವಕೇನ್. ಸ್ನಾಯುಬಲ ಹೆಚ್ಚು ಉಳಿಯುತ್ತದೆ. ಒಂದೇ ಚುಚ್ಚಿನಲ್ಲಿ ರಾತ್ರಿ ಕಳೆಯಬೇಕೆಂದರೆ ಬ್ಯುಪಿವಕೇನ್ ತುಸು ಹೆಚ್ಚು ಹೊತ್ತು ಬಾಳುತ್ತದೆ.

ಯಾವುದೇ ಇರಲಿ, 3ರಿಂದ 5 ಮಿ.ಲೀ.ಗೊಮ್ಮೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ. ಔಷಧ ರಕ್ತಕ್ಕೆ ಸೇರಿ ವಿಷವಾದರೆ ಕೊಡುವ 20% ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರವ) ಕೈಗೆಟುಕುವಂತಿರಲಿ. ಅದರ ಮೊದಲ ಬೋಲಸ್ (ಒಮ್ಮೆಲೇ ಕೊಡುವ ಡೋಸ್) ಕೆ.ಜಿ.ಗೆ 1.5 ಮಿ.ಲೀ. ವಿಷದ ಮುನ್ಸೂಚನೆಗಳಾದ ನಾಲಿಗೆ ಜೋಮು, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಎಂದು ರೋಗಿ ಹೇಳಿದೊಡನೆ ಚುಚ್ಚುವುದನ್ನು ನಿಲ್ಲಿಸಿ.