ಮೂರು ವರ್ಷ ಬಳಸಿದ ಜಿಎಸ್‌ಟಿ ಕೋರ್ಸು: ಗೇರುಬೀಜದ ಲೆಕ್ಕಕ್ಕೆ ಬಂತಾ?

ಕುಮಟಾ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು ನಾನು. ವ್ಯಾಟ್ ಕಾಲದ ಬಿ.ಕಾಂ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಕಲಿತದ್ದರಲ್ಲಿ ಅರ್ಧ ಹಳತಾಯ್ತು. ಐದು ವರ್ಷ ಆಡಿಟರ್ ಆಫೀಸಿನ ಹುಡುಗರನ್ನು ಕೇಳಿ ಕೇಳಿ ದೂಡಿದೆ. ನನ್ನ ಮಗನ ವಯಸ್ಸಿನವರು ಫೋನಿನಲ್ಲಿ "ಮೇಡಂ, ಅದು ಹಾಗಲ್ಲ" ಅನ್ನುವುದನ್ನು ಎಷ್ಟು ದಿನ ಕೇಳುವುದು? 2022ರ ಜೂನ್‌ನಲ್ಲಿ ಈ ಆನ್‌ಲೈನ್ ಕೋರ್ಸ್ ಸೇರಿದೆ. ಮೊದಲ ವರ್ಷ 6,500 ರೂಪಾಯಿ, ಆಮೇಲೆ ವರ್ಷಕ್ಕೆ 2,400. ಹೆಸರು ಹಾಕುವುದಿಲ್ಲ. ಇದೇ ತರದ ಇನ್ನೂ ಎರಡು ಆಪ್ ನೋಡಿದ್ದೇನೆ, ಅವುಗಳ ಕತೆಯೂ ಹೆಚ್ಚುಕಮ್ಮಿ ಇದೇ.

ಮೊದಲು ಬೈದುಬಿಡುತ್ತೇನೆ. ಅಲ್ಲಿವರೆಗೆ ನಮ್ಮ ರಿಟರ್ನ್ ಹಾಕುತ್ತಿದ್ದದ್ದು ಆಡಿಟರ್ ಆಫೀಸು. ಕೋರ್ಸ್ ಮುಗಿಸಿದ ಧೈರ್ಯದಲ್ಲಿ 2023ರ ಏಪ್ರಿಲ್‌ನಿಂದ ನಾನೇ ಹಾಕುತ್ತೇನೆ ಅಂದೆ. ಏಪ್ರಿಲ್ ಅಂದರೆ ಗೇರುಬೀಜದ ಭರಾಟೆ, ರೈತರು ಚೀಲ ತಂದು ಬಾಗಿಲಲ್ಲೇ ತೂಕ ಮಾಡಿಸುವ ಹೊತ್ತು. ಸಿಪ್ಪೆ ಸುಲಿಯದ ಗೇರುಬೀಜವನ್ನು ರೈತರಿಂದ ನೇರ ಕೊಂಡರೆ ಅದರ ತೆರಿಗೆ ಕೊಂಡವರೇ ಕಟ್ಟಬೇಕು, ಶೇಕಡಾ 5. ರಿವರ್ಸ್ ಚಾರ್ಜ್ ಅನ್ನುವುದು ಇದಕ್ಕೇ. ಅದನ್ನು ಕ್ರೆಡಿಟ್‌ನಲ್ಲಿ, ಅಂದರೆ ಮಾಲು ಕೊಳ್ಳುವಾಗ ಮೊದಲೇ ಕಟ್ಟಿ ಜಮೆಯಾದ ತೆರಿಗೆಯಲ್ಲಿ, ವಜಾ ಮಾಡುವ ಹಾಗಿಲ್ಲ, ನಗದೇ ಕಟ್ಟಬೇಕು, ಕಟ್ಟಿದ ಮೇಲೆ ಕ್ರೆಡಿಟ್ ತಗೊಳ್ಳಬಹುದು. ಕೋರ್ಸಿನಲ್ಲಿ ರಿವರ್ಸ್ ಚಾರ್ಜ್ ಬಗ್ಗೆ ನಲವತ್ತು ನಿಮಿಷದ ಪಾಠ ಇತ್ತು. ಅದು ಪೂರ್ತಿ ಲಾರಿ ಬಾಡಿಗೆ ಮತ್ತು ವಕೀಲರ ಫೀ ಬಗ್ಗೆಯೇ. ಒಬ್ಬ ರೈತ ಇಲ್ಲ, ಒಂದು ಚೀಲ ಇಲ್ಲ. ನಾನು ಲಾರಿ ಬಾಡಿಗೆಗೆ ಸರಿಯಾಗಿ ತೆರಿಗೆ ಕಟ್ಟಿ, ಗೇರುಬೀಜಕ್ಕೆ ಬಿಟ್ಟುಬಿಟ್ಟೆ. ಸೆಪ್ಟೆಂಬರ್‌ನಲ್ಲಿ ಆಡಿಟರ್ ಕಣ್ಣಿಗೆ ಬಿತ್ತು. ಬಾಕಿ ತೆರಿಗೆಗೆ ವರ್ಷಕ್ಕೆ ಶೇಕಡಾ 18ರ ಲೆಕ್ಕದಲ್ಲಿ ಬಡ್ಡಿ. ಧಣಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೋರ್ಸಿನವರಿಗೆ ಬರೆದೆ. ಹನ್ನೊಂದು ದಿನ ಬಿಟ್ಟು ಉತ್ತರ ಬಂತು: "ಪಾಠ 14 ನೋಡಿ." ಪಾಠ 14 ಅಂದರೆ ಅದೇ ಲಾರಿ.

ಆಗಲೇ ಬಿಡುವವಳಿದ್ದೆ. ಬಿಡದೇ ಇದ್ದದ್ದು ಆ ವರ್ಷದ ಕೊನೆಗೆ ಶುರುವಾದ ಕನ್ನಡ ಲೈವ್ ತರಗತಿಯಿಂದ. ಕಲಿಸುವವರು "ನಿಮ್ಮ ಅಂಗಡಿಯ ಒಂದು ಚೀಟಿ ಕಳಿಸಿ, ಅದನ್ನೇ ಇಟ್ಟುಕೊಂಡು ಪಾಠ ಮಾಡೋಣ" ಅಂದರು. ರೈತರ ಹೆಸರಿನ ಮೇಲೆ ಬೆರಳಿಟ್ಟು ತೂಕದ ಚೀಟಿಯ ಫೋಟೋ ತೆಗೆದು ಕಳಿಸಿದೆ. ಒಂದು ಗಂಟೆ ಅದೇ ಚೀಟಿ. ರೈತ ಬಿಲ್ ಕೊಡುವುದಿಲ್ಲ, ಹಾಗಾಗಿ ನಾವೇ ನಮಗೆ ಬಿಲ್ ಬರೆದುಕೊಳ್ಳಬೇಕು, ಅದು ರಿಟರ್ನ್‌ನ ಯಾವ ಸಾಲಿಗೆ ಹೋಗುತ್ತದೆ, ಎಲ್ಲ ಪರದೆ ಮೇಲೆ ತುಂಬಿಸಿ ತೋರಿಸಿದರು. ಶಿರಸಿ ಕಡೆಯ ಅಡಿಕೆ ಮಂಡಿಯವರೊಬ್ಬರು ಹೆದರಿ "ಹಾಗಾದರೆ ನಮ್ಮದೂ ಹೀಗೇನಾ ಸರ್?" ಅಂತ ಕೇಳಿದರು. ರೈತರಿಂದ ಕೊಂಡವರೇ ತೆರಿಗೆ ಕಟ್ಟಬೇಕಾದ ಮಾಲುಗಳ ಪಟ್ಟಿಯಲ್ಲಿ ಅಡಿಕೆ ಇಲ್ಲ. ಬೀಡಿ ಎಲೆ, ತಂಬಾಕಿನ ಎಲೆ, ಹತ್ತಿ ಇವೆ. ಅವರು ಬಿಟ್ಟ ಉಸಿರು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಈ ತರಗತಿ ಮೊದಲು ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಕೆಲಸದಲ್ಲಿರುವವರಿಗೆ ಅಂತ ಮಾಡಿದ ಕೋರ್ಸು, ಕೆಲಸದ ಹೊತ್ತಿಗೇ ತರಗತಿ! ಗಲಾಟೆ ಮಾಡಿದ ಮೇಲೆ ರಾತ್ರಿ ಒಂಬತ್ತಕ್ಕೆ ಹಾಕಿದರು. ನಮ್ಮ ಮನೆಯಲ್ಲಿ ಅದು ಮೀನು ಸಾರು ಬಿಸಿಯಾಗುವ ಹೊತ್ತು, ಆದರೂ ಒಲೆ ಪಕ್ಕ ಫೋನು ಇಟ್ಟು ಕೇಳಬಹುದು.

ಇನ್ನು ನೋಟ್ಸ್ ವಿಷಯ. ಕನ್ನಡ ನೋಟ್ಸ್ ಕೊಟ್ಟಿದ್ದೇವೆ ಅಂತ ದೊಡ್ಡದಾಗಿ ಹೇಳಿಕೊಂಡರು. ನಮ್ಮ ಬ್ಯಾಚಿನಲ್ಲಿ ಶಿರಸಿಯ ಒಬ್ಬಳು ಹುಡುಗಿ, ಕಣ್ಣು ಸರಿಯಾಗಿ ಕಾಣುವುದಿಲ್ಲ, ಫೋನು ಓದಿ ಹೇಳಿದ್ದನ್ನು ಕೇಳಿ ಕಲಿಯುತ್ತಾಳೆ, ನನಗಿಂತ ಚುರುಕು. ಒಂದು ದಿನ ಕಾಲ್ ಮಾಡಿ "ಅಕ್ಕಾ, ಇದನ್ನು ಕೇಳಿ" ಅಂತ ನೋಟ್ಸ್ ಓದಿಸಿದಳು. "ನುಡಿ" ಅನ್ನುವ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಫೋನಿಗೆ ಕನ್ನಡವಾಗಿಯೇ ತಿಳಿಯುವ ಯೂನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಚೆಂದದ ಕನ್ನಡ, ಫೋನಿಗೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. "ಕನ್ನಡ" ಅನ್ನುವ ಪದವೇ ಅದರ ಬಾಯಲ್ಲಿ "ಪಿ, ಎ, ಪೌಂಡ್" ಅಂತ ಬರುತ್ತಿತ್ತು. ಇಬ್ಬರೂ ನಕ್ಕೆವು. ಆಮೇಲೆ ಅವಳು "ಫೀ ಮಾತ್ರ ನನಗೂ ನಿಮ್ಮಷ್ಟೇ ಅಲ್ವಾ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳೇ ಪತ್ರ ಬರೆದಳು, ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ತೋರಿಸಿ. ಕೆಳಗೆ ನಾವು ಹದಿನಾರು ಜನ ಹೆಸರು ಹಾಕಿದೆವು. ಯೂನಿಕೋಡ್‌ಗೆ ಬದಲಾಗಲು ಏಳು ತಿಂಗಳು ಹಿಡಿಯಿತು. ಬದಲಾದ ಮೇಲೆ ಗೊತ್ತಾಯ್ತು, ಹಳೇ ನೋಟ್ಸಿನಲ್ಲಿ ನನಗೂ ಏನನ್ನೂ ಹುಡುಕಲಿಕ್ಕೆ ಆಗುತ್ತಿರಲಿಲ್ಲ, ಸುಮ್ನೆ ಪುಟ ಸರಿಸುತ್ತಾ ಕೂರುತ್ತಿದ್ದೆ. ಈಗ "ರಿವರ್ಸ್" ಅಂತ ಹೊಡೆದರೆ ನೇರ ಅಲ್ಲಿಗೇ ಹೋಗುತ್ತದೆ.

ವಿಡಿಯೋ ಕೆಳಗೆ ಬರುವ ಕನ್ನಡ ಸಾಲುಗಳೂ ಉಪಕಾರವೇ. ಪಕ್ಕದಲ್ಲಿ ಬೀಜ ಒಡೆಯುವ ಸದ್ದಿನಲ್ಲಿ ಕಿವಿಗೆ ಏನೂ ಬೀಳುವುದಿಲ್ಲ. ಯಂತ್ರ ಬರೆದದ್ದು, ಹಾಗಾಗಿ "ಕರ" ಎಷ್ಟೋ ಕಡೆ "ಖಾರ" ಆಗಿದೆ. ಕಟ್ಟುವವರಿಗೆ ಎರಡೂ ಒಂದೇ ಬಿಡಿ.

ಸರಿಯಾಗದೇ ಉಳಿದದ್ದು ಪರೀಕ್ಷೆ. 45 ನಿಮಿಷದ ಟೆಸ್ಟು, ನಡುವೆ ನೆಟ್ ಹೋದರೂ ಗಡಿಯಾರ ನಿಲ್ಲುವುದಿಲ್ಲ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಗಾಳಿ ಬೀಸಿದರೆ ಕರೆಂಟು ಹೋಯ್ತು, ಹಿಂದೆಯೇ ಟವರೂ ಹೋಯ್ತು. ನನ್ನದು ಎರಡು ಸಲ ಹಾಳಾಯಿತು, ಮತ್ತೆ ಬರೆಯಲಿಕ್ಕೆ ಸಲಕ್ಕೆ 300. ಪಾಠದ ಆಡಿಯೋ ಮಾತ್ರ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿದವರಿಗೆ ಇದೊಂದು ಯಾಕೆ ಹೊಳೆಯಲಿಲ್ಲವೋ. ಹಳೇ ವಿಡಿಯೋಗಳನ್ನು ತಿದ್ದುವುದೂ ಇಲ್ಲ. ನಾವೇ ಬರೆದುಕೊಳ್ಳುವ ಬಿಲ್ಲನ್ನು ಮಾಲು ಬಂದ 30 ದಿನದೊಳಗೆ ಮಾಡಬೇಕು ಅಂತ 2024ರ ನವೆಂಬರ್ 1ರಿಂದ ನಿಯಮ ಬಂತು. ಮೆಸೇಜ್ ಅದೇ ವಾರ ಕಳಿಸಿದರು, ಪಾಠ 14 ಈಗಲೂ ಹಾಗೇ ಇದೆ.

ಪುಕ್ಕಟೆ ಬೇಕಾದವರು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ತಾಣ "ಸ್ವಯಂ" ನೋಡಿ, ಅಲ್ಲಿ ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟಿನ ಪರೀಕ್ಷೆ ಬರೆದರೆ ಮಾತ್ರ ಫೀ. ಆದರೆ ನಿಮ್ಮ ತೂಕದ ಚೀಟಿಯನ್ನು ಬಿಡಿಸಿ ಹೇಳುವವರು ಬೇಕಿದ್ದರೆ ಇಲ್ಲೇ ಬನ್ನಿ.

ಸಂಬಳ ತಿಂಗಳಿಗೆ 1,500 ಏರಿತು. ಸರ್ಟಿಫಿಕೇಟಿಗಲ್ಲ, ಆಡಿಟರ್ ಫೀ ಉಳಿದದ್ದಕ್ಕೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ನಾಲ್ಕನೇ ವರ್ಷದ ದುಡ್ಡೂ ಕಟ್ಟಿದ್ದೇನೆ. ಸೇರುವವರು ಮಳೆ ಬಿಟ್ಟ ಮೇಲೆ ಸೇರಿ, ಮಾರ್ಚ್ ಒಳಗೆ ಟೆಸ್ಟು ಮುಗಿಸಿಕೊಳ್ಳಿ. ಆಮೇಲೆ ಬೀಜ ಬರಲಿಕ್ಕೆ ಶುರುವಾದರೆ ಪುರುಸೊತ್ತು ಸಿಗುವುದಿಲ್ಲ.